ಎಕ್ಸಾಸ್ಟ್ ಪೈಪು: ಮೊದಲು ಲೋಹ, ಆಮೇಲೆ ಬಣ್ಣ

ಕಾರಿಗೆ ಹೊಸ ಎಕ್ಸಾಸ್ಟ್ ಮಾಡಿಸೋರನ್ನ ಕೇಳಿ ನೋಡಿ. ಸದ್ದು ಹೇಗಿರುತ್ತೆ, ಯಾವ ಕೋಟಿಂಗ್ ಹಾಕಿಸ್ತೀವಿ ಅಂತ ಅರ್ಧ ಗಂಟೆ ಹೇಳ್ತಾರೆ. ಪೈಪ್ ಯಾವ ಲೋಹದ್ದಪ್ಪಾ ಅಂದ್ರೆ "ಎಸ್ಸೆಸ್ಸು ಗುರೂ" ಅಂತಾರೆ, ಅಷ್ಟೇ! ನನ್ನ ಪ್ರಕಾರ ಇದು ಉಲ್ಟಾ. ದುಡ್ಡು ಮೊದಲು ಲೋಹಕ್ಕೆ, ಉಳಿದರೆ ಕೋಟಿಂಗಿಗೆ.

ಯಾಕೆ ಅಂತೀರಾ? ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹುಟ್ಟುತ್ತೆ. ದೂರದ ಪ್ರಯಾಣದಲ್ಲಿ ಅದು ಆವಿಯಾಗಿ ಹೊರಗೆ ಹೋಗುತ್ತೆ. ಆದ್ರೆ ತರಕಾರಿ ಅಂಗಡಿವರೆಗೆ ಹೋಗಿ ಬರೋ ಕಾರಿನಲ್ಲಿ ಪೈಪ್ ಪೂರ್ತಿ ಬಿಸಿಯಾಗೋದೇ ಇಲ್ಲ. ನೀರು ಚೂರು ಆಮ್ಲದ ಜೊತೆ ಮಫ್ಲರಿನಲ್ಲೇ ನಿಲ್ಲುತ್ತೆ. ಅಂದ್ರೆ ತುಕ್ಕು ಶುರುವಾಗೋದು ಒಳಗಿನಿಂದ! ಹೊರಗೆ ಬಳಿದ ಬಣ್ಣ ಅಲ್ಲಿ ಏನು ಮಾಡೀತು?

ಸಾದಾ ಮೈಲ್ಡ್ ಸ್ಟೀಲ್ ಅಗ್ಗ, ಬೆಸುಗೆ ಸುಲಭ, ತುಕ್ಕೂ ಅಷ್ಟೇ ಸುಲಭ. ಅಲ್ಯೂಮಿನಿಯಂ ಲೇಪದ ಸ್ಟೀಲ್ ಒಂದು ಮೆಟ್ಟಿಲು ಮೇಲೆ, ಆದ್ರೆ ಬೆಸುಗೆ ಹಾಕಿದ ಜಾಗದಲ್ಲಿ ಲೇಪ ಸುಟ್ಟುಹೋಗುತ್ತೆ. 409 ಸ್ಟೇನ್‌ಲೆಸ್‌ನಲ್ಲಿ ಕ್ರೋಮಿಯಂ ಸುಮಾರು 11%. ಮೇಲೆ ಕಂದು ಬಣ್ಣ ಬಂದರೂ ಬಹಳ ವರ್ಷ ಬಾಳುತ್ತೆ, ಕಾರು ಕಂಪನಿಗಳೇ ಬಳಸ್ತಾರೆ. 304ರಲ್ಲಿ 18% ಕ್ರೋಮಿಯಂ, 8% ನಿಕ್ಕಲ್. ಮಂಗಳೂರು ಕಡೆಯ ಉಪ್ಪುಗಾಳಿಗೆ ನನ್ನ ಓಟು ಇದಕ್ಕೇ. ಆದ್ರೆ ಇದು ಹಿಗ್ಗೋದು ಜಾಸ್ತಿ. 500 ಡಿಗ್ರಿ ಬಿಸಿಯಾದರೆ ಒಂದು ಮೀಟರ್ ಪೈಪ್ ಸುಮಾರು 9 ಮಿ.ಮೀ. ಉದ್ದ ಆಗುತ್ತೆ. ಫ್ಲೆಕ್ಸ್ ಜಾಯಿಂಟ್ ಇಲ್ಲದೆ ಬಿಗಿದರೆ ಬೆಸುಗೆ ಬಿರಿಯುತ್ತೆ. ಟರ್ಬೋ ಪಕ್ಕದ ಕೆಂಡದಂಥ ಜಾಗಕ್ಕೆ ಟೈಟಾನಿಯಂ ಬೆರೆಸಿದ 321 ವಾಸಿ.

ಇನ್ನು ಆಯಸ್ಕಾಂತದ ಪರೀಕ್ಷೆ. ಅಂಟಿದರೆ 409, ಅಂಟದಿದ್ದರೆ 304 ಅಂತ ನಂಬಿಬಿಡ್ತೀವಿ. ಆದ್ರೆ ನಿಕ್ಕಲ್ ಕಡಿಮೆ ಇರೋ, ಅಗ್ಗದ 202 ಕೂಡ ಅಂಟಲ್ಲ ಸ್ವಾಮಿ! ಪೈಪಿನ ಟೆಸ್ಟ್ ಸರ್ಟಿಫಿಕೇಟ್ ಕೇಳೋದೇ ಸರಿ.

ಹಾಗಾದ್ರೆ ಕೋಟಿಂಗ್ ದಂಡವೇ? ಖಂಡಿತ ಅಲ್ಲ. ಎಂಜಿನ್ ಪಕ್ಕದ ಮ್ಯಾನಿಫೋಲ್ಡಿಗೆ ಸೆರಾಮಿಕ್ ಲೇಪ ಕೊಟ್ಟರೆ ಬಾನೆಟ್ ಒಳಗಿನ ಕಾವು ಇಳಿಯುತ್ತೆ, ವೈರು, ರಬ್ಬರು ಬದುಕಿಕೊಳ್ಳುತ್ತವೆ. ಆದ್ರೆ ಮೈಲ್ಡ್ ಸ್ಟೀಲಿಗೆ ಬಟ್ಟೆಯಂಥ ಹೀಟ್ ವ್ರ್ಯಾಪ್ ಸುತ್ತೋದು ಬೇಡ. ಮಳೆಗಾಲದಲ್ಲಿ ಅದು ಒದ್ದೆ ಗೋಣಿಚೀಲದ ಹಾಗೆ ನೀರು ಹಿಡಿದಿಟ್ಟುಕೊಳ್ಳುತ್ತೆ. ಜಿಐ ಪೈಪಂತೂ ಬೇಡವೇ ಬೇಡ. ಸತು ಕರಗೋದೇ 419 ಡಿಗ್ರಿಗೆ, ಬೆಸುಗೆ ಹಾಕುವಾಗ ಅದರ ಹೊಗೆ ಕುಡಿದ ವೆಲ್ಡರಿಗೆ ಚಳಿಜ್ವರ ಬರುತ್ತೆ.

ಇಷ್ಟೊಂದು ತಲೆ ಕೆಡಿಸ್ಕೋಬೇಕಾ ಅಂತೀರಾ? ಪೈಪ್ ತೂತಾದರೆ ಬರೀ ಸದ್ದಲ್ಲ, ಕಾರ್ಬನ್ ಮೊನಾಕ್ಸೈಡ್ ಕಾರಿನೊಳಗೇ ಬರಬಹುದು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಎಸಿ ಹಾಕಿ, ಗಾಜು ಏರಿಸಿ, ಹಿಂದಿನ ಸೀಟಲ್ಲಿ ಮಲಗಿರೋ ಮಗುವಿಗೆ ನಿಮ್ಮ ಪೈಪ್ ಯಾವ ಬಣ್ಣದ್ದು ಅನ್ನೋದು ಮುಖ್ಯ ಅಲ್ಲ. ಏನಂತೀರಿ?