ಕಾಯಕವೂ ಕಾಯವೂ

ಕಲಬುರಗಿಯ ಕಡೆ ಏಪ್ರಿಲ್ ಬಂತೆಂದರೆ ಕುಶಲಪ್ರಶ್ನೆಗಿಂತ ಮೊದಲು ಬಿಸಿಲಿನ ಮಾತು ಬರುತ್ತದೆ. ಉಷ್ಣಮಾನ 40 ಡಿಗ್ರಿಯನ್ನು ದಾಟುವ ಈ ಸೀಮೆಯಲ್ಲಿ ಸರ್ಕಾರವೂ ಬಿಸಿಲಿಗೆ ತಲೆಬಾಗಿದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1-30ಕ್ಕೆ ಮುಚ್ಚುವ ಪದ್ಧತಿಯುಂಟು. ಒಳ್ಳೆಯ ಏರ್ಪಾಡೇ ಸರಿ. ಆದರೆ ಹೀಗೆ ಗಡಿಯಾರವನ್ನು ತಿದ್ದಿಕೊಂಡವರು ಫ್ಯಾನಿನ ಕೆಳಗೆ ಕುಳಿತು ಬರೆಯುವವರು. ಶಹಾಬಾದಿನ ಕಲ್ಲುಗಣಿಗಳಲ್ಲಿ, ತಗಡಿನ ಮಾಡಿನ ಬೇಳೆಗಿರಣಿಗಳಲ್ಲಿ, ಏರುತ್ತಿರುವ ಕಟ್ಟಡಗಳ ಮೇಲೆ ದುಡಿಯುವವರ ವೇಳೆಯನ್ನು ತಿದ್ದುವುದು ಒಡೆಯನ ಮರ್ಜಿಗೆ ಬಿಟ್ಟ ಸಂಗತಿ.

ಇದನ್ನು ದೂರಾಗಿ ಬರೆಯಲು ನನಗೆ ಅಧಿಕಾರ ಸಾಲದು. ಕಳೆದ ವೈಶಾಖದಲ್ಲಿ ಮನೆಯ ಮೇಲೊಂದು ಕೋಣೆ ಕಟ್ಟಿಸುತ್ತಿದ್ದೆ. ಒಂದು ಮಧ್ಯಾಹ್ನ ಕೆಲಸದ ಸದ್ದು ನಿಂತಿತು. ಹೊರಗೆ ಬಂದು ಬಿರುಸಾಗಿಯೇ ಕಾರಣ ಕೇಳಿದೆ. "ಆಕಿಗಿ ತಲಿ ತಿರಗ್ಯಾದ್ರಿ ಸರ, ನೆಳ್ಳಾಗ ಕುಂದರ್ಸೀವಿ" ಎಂದ ಗೌಂಡಿ. ಬೇವಿನ ಮರದಡಿ ಕುಳಿತಿದ್ದ ಹೆಂಗಸು ಕೆಲಸಕ್ಕೆ ಬಂದು ಎರಡೇ ದಿನವಾಗಿತ್ತು. ನನ್ನನ್ನು ಕಂಡವಳು ನೀರು ಕೇಳಲಿಲ್ಲ. "ಇವತ್ತಿನ ಪಗಾರ ಹಿಡಿಬ್ಯಾಡ್ರಿ" ಎಂದಳು. ನಾನೂ ಒಬ್ಬ ಒಡೆಯನೆಂಬುದು ನನಗೆ ಹೊಳೆದದ್ದು ಆಗ.

ದೇಹದ ಲೆಕ್ಕ ಸರಳವಾದದ್ದು. ಬೆವರು ಆರಿದಾಗ ಮೈ ತಂಪಾಗುತ್ತದೆ. ಬೆವರಲು ನೀರು ಬೇಕು, ಬೆವರು ಆರಲು ಗಾಳಿ ಬೇಕು. ಬಾಯಾರುವುದಕ್ಕೆ ಮೊದಲೇ, ಕಾಲು ಗಂಟೆಗೋ ಇಪ್ಪತ್ತು ನಿಮಿಷಕ್ಕೋ ಒಮ್ಮೆ, ಒಂದು ಲೋಟ ನೀರು ಕುಡಿಯಬೇಕು. ಹೊಸಬರ ಮೈ ಬಿಸಿಲಿಗೆ ಒಗ್ಗಲು ಒಂದೆರಡು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಅವರ ಕೆಲಸ ಹಗುರವಾಗಿರಬೇಕು. ಮಾತು ತೊದಲಿ, ಎಚ್ಚರ ತಪ್ಪುವಂತಾದರೆ ಅದು ಬಳಲಿಕೆಯಲ್ಲ, ಪ್ರಾಣಾಪಾಯ. ಆಗ ಮೈಗೆ ತಣ್ಣೀರು ಸುರಿದು, ಗಾಳಿ ಬೀಸುತ್ತ, ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು.

1948ರ ಕಾರ್ಖಾನೆ ಕಾಯಿದೆ ಕುಡಿಯುವ ನೀರನ್ನು ಎಲ್ಲ ಕಾರ್ಖಾನೆಗಳಿಗೂ ವಿಧಿಸಿ, ಬೇಸಗೆಯಲ್ಲಿ ಅದನ್ನು ತಂಪುಮಾಡುವ ಹೊಣೆಯನ್ನು 250ಕ್ಕಿಂತ ಹೆಚ್ಚು ಕೆಲಸಗಾರರಿದ್ದ ಕಡೆಗೆ ಮಾತ್ರ ಹೊರಿಸಿತ್ತು. ನಾಲ್ಕೇ ಜನ ದುಡಿಯುವ ಕಡೆ ಬಾಯಾರಿಕೆ ಕಡಿಮೆಯೆ? ಅಂಥಲ್ಲಿ ಒಂದು ಮಣ್ಣಿನ ಹರವಿ ಸಾಕು. ಅದಕ್ಕೆ ಕಾಯಿದೆ ಬೇಕಿಲ್ಲ.

ಆದರೆ ನೀರು, ನೆರಳು ಎರಡನ್ನೂ ಒದಗಿಸಿ, ವಿಶ್ರಾಂತಿಯ ಗಳಿಗೆಗೆ ಕೂಲಿ ಮುರಿದುಕೊಂಡರೆ ಎಲ್ಲವೂ ವ್ಯರ್ಥ. ಹಸಿವಿಗೆ ಅಂಜಿದವರು ನೆರಳಿಗೆ ಬರುವುದಿಲ್ಲ. ಇದರಿಂದ ನಷ್ಟವಾಗುವುದೆಂದು ಒಡೆಯರು ಹೇಳಬಹುದು. ಮರುದಿನದಿಂದ ನಮ್ಮಲ್ಲಿ ಕೆಲಸ ಬೆಳಗಿನ 6ಕ್ಕೆ ತೊಡಗಿ 11ಕ್ಕೆ ನಿಲ್ಲುತ್ತಿತ್ತು. ಸಂಜೆ 4ರ ಮೇಲೆ ಮತ್ತೆರಡು ಗಂಟೆ ನಡೆಯುತ್ತಿತ್ತು. ಕೂಲಿ ಮಾತ್ರ ಪೂರ್ತಿ. ಕೋಣೆ ನಾಲ್ಕು ದಿನ ತಡವಾಗಿ ಮುಗಿಯಿತು. ಅದರಿಂದ ನಾನು ಕಳೆದುಕೊಂಡದ್ದೇನೆಂದು ಇಂದಿಗೂ ತಿಳಿದಿಲ್ಲ.

ಗುರುತಿಲ್ಲದ ದಾರಿಹೋಕರಿಗೆ ಅರವಟ್ಟಿಗೆ ಇಟ್ಟ ನಾಡು ನಮ್ಮದು. ನಮಗಾಗಿಯೇ ದುಡಿಯುವವರಿಗೆ ಅಷ್ಟೂ ಸಲ್ಲಬೇಡವೆ? ತರಗತಿಯಲ್ಲಿ ಕಾಯಕದ ಹಿರಿಮೆಯನ್ನು ವರ್ಷವರ್ಷವೂ ಹೇಳುತ್ತ ಬಂದಿದ್ದೇನೆ. ಆ ಶಬ್ದದೊಳಗೆ ಕಾಯವೂ ಇದೆಯೆಂಬುದನ್ನು ಇನ್ನು ಮುಂದೆ ಅದರೊಡನೆ ಹೇಳಬೇಕೆಂದಿದ್ದೇನೆ.