ಅಳತೆಯರಿತ ಓಟ



ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಭಾಗಗಳಲ್ಲಿ ವಾಸಿಸುವ ನಮ್ಮ ಓದುಗರು ಬೆಳಗಿನ ಐದೂವರೆಗೆ ಮನೆಯ ಬಾಗಿಲು ತೆರೆದರೆ, ಹಾಲು ತರುವವರು, ಪತ್ರಿಕೆ ಹಂಚುವ ಹುಡುಗರು, ಹೂವಿನ ಬುಟ್ಟಿ ಹೊತ್ತ ತಾಯಂದಿರು ಇವರ ನಡುವೆ ಮತ್ತೊಂದು ಬಗೆಯ ಜನರನ್ನೂ ಈಗ ಕಾಣುತ್ತಾರೆ. ದಪ್ಪ ಅಡಿಯ ಬೂಟು ತೊಟ್ಟು, ಬೀದಿಯ ಅಂಚಿನಲ್ಲಿ ಒಂದೇ ಸಮನೆ ಓಡುತ್ತಿರುವ ಇವರು ವೃತ್ತಿಯಿಂದ ಕ್ರೀಡಾಪಟುಗಳಲ್ಲ. ಬ್ಯಾಂಕಿನ ನೌಕರರು, ಶಾಲೆಯ ಉಪಾಧ್ಯಾಯಿನಿಯರು, ಅಂಗಡಿ ನಡೆಸುವವರು, ಸಾಫ್ಟ್‌ವೇರ್ ಉದ್ಯೋಗಿಗಳು, ನಿವೃತ್ತ ಅಧಿಕಾರಿಗಳು ಹೀಗೆ ಎಲ್ಲ ಬಗೆಯವರೂ ಇದ್ದಾರೆ. 21.1 ಕಿಲೋಮೀಟರಿನ ಅರ್ಧ ಮ್ಯಾರಥಾನ್, 42.195 ಕಿಲೋಮೀಟರಿನ ಪೂರ್ಣ ಮ್ಯಾರಥಾನ್ ಎಂಬ ದೀರ್ಘ ಓಟಗಳಿಗೆ ಇವರು ಸಿದ್ಧರಾಗುತ್ತಿರುತ್ತಾರೆ. ಬಹುಮಾನದ ಆಸೆ ಇವರಿಗಿಲ್ಲ. ಕೊನೆಯವರೆಗೆ ಓಡಿ ಮುಗಿಸಬೇಕೆಂಬುದೇ ಇವರ ಹಂಬಲ.

ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಇಂತಹ ಒಬ್ಬರಾದರೂ ಇಂದು ಇದ್ದಾರೆ. ಇದು ಸಂತೋಷದ ಸಂಗತಿ. ಆದರೆ ಸಂತೋಷದೊಡನೆ ಮನಸ್ತಾಪವೂ ಹುಟ್ಟಿದೆ. ಪೂಜೆಯ ಹೊತ್ತಿಗೆ ಮಗ ಮನೆಯಲ್ಲಿರುವುದಿಲ್ಲವೆಂದು ಹಿರಿಯರು ನೊಂದುಕೊಳ್ಳುತ್ತಾರೆ. ಐವತ್ತರ ಸಮೀಪದಲ್ಲಿ ಯಜಮಾನರು ಮೊಣಕಾಲು ಕೆಡಿಸಿಕೊಂಡು ಕುಳಿತರೆಂದು ಗೃಹಿಣಿ ಚಿಂತಿಸುತ್ತಾಳೆ. ಓಡುತ್ತಿರುವಾಗಲೇ ಎದೆನೋವಿನಿಂದ ಕುಸಿದವರ ಸುದ್ದಿ ಪತ್ರಿಕೆಗಳಲ್ಲಿ ಬಂದಾಗಲಂತೂ ಮನೆಮಂದಿಗೆಲ್ಲ ಭಯ. ಆದುದರಿಂದ ಈ ಓಟದ ನಿತ್ಯಾಭ್ಯಾಸವೆಂದರೇನು, ಅದರ ಅಳತೆ ಎಷ್ಟು, ಶರಣರ ಮಾರ್ಗದಲ್ಲಿ ನಡೆಯಬಯಸುವ ಕುಟುಂಬದಲ್ಲಿ ಅದಕ್ಕೆ ಯಾವ ಸ್ಥಾನವೆಂಬುದನ್ನು ಈ ತಿಂಗಳು ವಿಚಾರಿಸೋಣ.

ದೂರದ ಓಟ ನಮ್ಮ ನಾಡಿಗೆ ಹೊಸದೇನೂ ಅಲ್ಲ. 1920ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದಲ್ಲಿ ಒಲಿಂಪಿಕ್ಸ್ ಕ್ರೀಡೆಗಳು ನಡೆದಾಗ ಭಾರತದಿಂದ ಒಂದು ಪುಟ್ಟ ತಂಡ ಹೋಗಿತ್ತು. ಅದರಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರಿದ್ದರು. ಅಂದಿನ ಮ್ಯಾರಥಾನ್ ಓಟದ ದೂರ ಇಂದಿನದಕ್ಕಿಂತ ತುಸು ಹೆಚ್ಚು, 42.75 ಕಿಲೋಮೀಟರ್. ಚೌಗುಲೆಯವರು ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ 19ನೆಯವರಾಗಿ ಬಂದರು. ನೂರು ವರ್ಷಗಳಿಗೂ ಹಿಂದೆ ಕನ್ನಡ ನಾಡಿನ ಗಡಿಭಾಗದ ತರುಣನೊಬ್ಬ ಮಾಡಿದ ಈ ಸಾಧನೆ ನಮ್ಮ ಮಕ್ಕಳಿಗೆ ತಿಳಿದಿರತಕ್ಕದ್ದು. ಬೆಂಗಳೂರಿನಲ್ಲಾದರೋ 2008ರಿಂದ ವಿಶ್ವ 10 ಕಿಲೋಮೀಟರ್ ಓಟ ನಡೆಯುತ್ತಿದ್ದು, ಸಾಮಾನ್ಯ ಜನರಲ್ಲಿ ಓಟದ ಆಸಕ್ತಿ ಹರಡುವುದಕ್ಕೆ ಅದು ಬಹುಮಟ್ಟಿಗೆ ಕಾರಣವಾಯಿತು. ಶ್ರೀರಂಗಪಟ್ಟಣದ ಬಳಿ ಕಾವೇರಿ ನಾಲೆಯ ದಂಡೆಯ ಮೇಲೆ ನಡೆಯುವ ಓಟಕ್ಕೂ ನಮ್ಮ ನಗರದಿಂದ ಜನ ಉತ್ಸಾಹದಿಂದ ಹೋಗುತ್ತಾರೆ.

ಓಟದ ದಿನವನ್ನು ಮಾತ್ರ ಕಂಡವರಿಗೆ ಅದರ ಹಿಂದಿನ ಶ್ರಮ ಕಾಣುವುದಿಲ್ಲ. ಒಂದು ಲೆಕ್ಕ ಹಾಕಿ ನೋಡೋಣ. ಅರ್ಧ ಮ್ಯಾರಥಾನಿಗೆ ಸಿದ್ಧನಾಗುವ ಒಬ್ಬ ಉದ್ಯೋಗಸ್ಥ ಮಂಗಳವಾರ 6, ಬುಧವಾರ 8, ಶುಕ್ರವಾರ 6, ಭಾನುವಾರ 14 ಕಿಲೋಮೀಟರ್ ಓಡುತ್ತಾನೆಂದು ಇಟ್ಟುಕೊಳ್ಳೋಣ. ಗುರುವಾರ ಮನೆಯಲ್ಲೇ ಬಸ್ಕಿ, ಹೊಟ್ಟೆ ಬೆನ್ನುಗಳ ವ್ಯಾಯಾಮ. ಸೋಮವಾರ, ಶನಿವಾರ ವಿಶ್ರಾಂತಿ. ವಾರಕ್ಕೆ 34 ಕಿಲೋಮೀಟರಾಯಿತು. ಮೂವತ್ತು ವಾರಗಳಲ್ಲಿ ಅದು 1,020 ಕಿಲೋಮೀಟರಾಗುತ್ತದೆ. ಓಟದ ದಿನ ಅವನು ಕ್ರಮಿಸುವುದು 21 ಕಿಲೋಮೀಟರ್ ಮಾತ್ರ. ಎಂದರೆ ಕಾಣುವ ಓಟವು ಕಾಣದ ಓಟದ ಸುಮಾರು ಐವತ್ತನೆಯ ಒಂದು ಪಾಲು. ತೇರು ಎಳೆಯುವುದು ಒಂದು ದಿನ, ಅದಕ್ಕೆ ಹಗ್ಗ ಹೊಸೆಯುವುದು ವರ್ಷವಿಡೀ ಎಂದ ಹಾಗೆ.

ಈ ಕಾಣದ ಓಟವು ಬಹುಪಾಲು ನಿಧಾನದ ಓಟ. ಹೊಸಬರು ತಪ್ಪುವುದು ಇಲ್ಲಿಯೇ. ನಿತ್ಯವೂ ಏದುಸಿರು ಬಿಡುವಂತೆ ಓಡಿದರೆ ಬೇಗ ಬಲ ಬರುವುದೆಂದು ಅವರು ಭಾವಿಸುತ್ತಾರೆ. ಬಲ್ಲವರು ಹೇಳುವುದೇ ಬೇರೆ. ಜೊತೆಯಲ್ಲಿ ಓಡುವವರೊಡನೆ ಪೂರ್ಣ ವಾಕ್ಯದಲ್ಲಿ ಮಾತನಾಡಲು ಆಗುವಷ್ಟು ಮಾತ್ರವೇ ವೇಗವಿರಬೇಕು. ಮಾತು ತುಂಡಾಗುತ್ತಿದ್ದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಹೀಗೆ ತಿಂಗಳುಗಟ್ಟಲೆ ಓಡಿದಾಗ ಹೃದಯವು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ನೂಕಲು ಕಲಿಯುತ್ತದೆ. ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ. ಶರೀರವು ಕೊಬ್ಬನ್ನು ಇಂಧನವಾಗಿ ಬಳಸುವುದನ್ನು ರೂಢಿಸಿಕೊಳ್ಳುತ್ತದೆ. ಉಸಿರು, ಹೃದಯಗಳು ಕೆಲವು ವಾರಗಳಲ್ಲೇ ಸುಧಾರಿಸಿದರೂ ಮೂಳೆ, ಸ್ನಾಯುರಜ್ಜು, ಕೀಲುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಎದೆ ಸಿದ್ಧವಾದರೂ ಕಾಲು ಸಿದ್ಧವಾಗಿರುವುದಿಲ್ಲ. ಉತ್ಸಾಹಿಗಳು ಗಾಯಗೊಳ್ಳುವುದು ಈ ಅಂತರದಲ್ಲಿಯೇ.

ಇಲ್ಲಿ ನಮಗೆ ಆಯ್ದಕ್ಕಿ ಲಕ್ಕಮ್ಮನವರ ನೆನಪಾಗುತ್ತದೆ. ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಾಯಕವು ಶರಣರ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದಾಗಿತ್ತು. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಹೆಚ್ಚು ತಂದುದಕ್ಕೆ ಲಕ್ಕಮ್ಮನವರು ಹಿಗ್ಗಲಿಲ್ಲ. ಅಂದಿಗೆ ಬೇಕಾದುದನ್ನು ಮೀರಿದ ಅಕ್ಕಿ ತಮ್ಮ ಮನೆಗೆ ಸಲ್ಲದೆಂದು ತಿಳಿಹೇಳಿ, ಅದನ್ನು ಮೊದಲಿದ್ದ ಜಾಗಕ್ಕೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದರು. ಆಸೆಯನ್ನು ಗೆಲ್ಲುವ ಪಾಠವಾಗಿ ಈ ಪ್ರಸಂಗವನ್ನು ನಾವೆಲ್ಲ ಕೇಳಿದ್ದೇವೆ. ಓಟಗಾರನಿಗೆ ಇದು ಅಕ್ಷರಶಃ ಅನ್ವಯಿಸುವ ಪಾಠ. 6 ಕಿಲೋಮೀಟರ್ ಓಡಬೇಕಾದ ದಿನ, ಮೈ ಹಗುರವಾಗಿದೆಯೆಂದು 12 ಓಡಿ ಬರುವವನು ನಾಳಿನ ಅಕ್ಕಿಯನ್ನು ಇಂದೇ ಹೊತ್ತು ತಂದವನು. ಅದರ ಬೆಲೆಯನ್ನು ಮುಂದಿನ ವಾರ ಅವನ ಹಿಮ್ಮಡಿಯೋ ಮೊಣಕಾಲೋ ಕೊಡಬೇಕಾಗುತ್ತದೆ. ಕಾಯಕಕ್ಕೆ ಶ್ರದ್ಧೆ ಎಷ್ಟು ಮುಖ್ಯವೋ ಮಿತಿಯೂ ಅಷ್ಟೇ ಮುಖ್ಯ.

ಆದ್ದರಿಂದ ವಾರದ ಒಟ್ಟು ದೂರವನ್ನು ಹಿಂದಿನ ವಾರಕ್ಕಿಂತ ನೂರಕ್ಕೆ ಹತ್ತರಷ್ಟು ಮೀರಿ ಏರಿಸಬಾರದೆಂಬ ರೂಢಿಯ ನಿಯಮವನ್ನು ಪಾಲಿಸುವುದು ಲೇಸು. ಮೂರು ವಾರ ಏರಿಸಿ ನಾಲ್ಕನೆಯ ವಾರ ಇಳಿಸುವುದೂ ಉತ್ತಮ ಪದ್ಧತಿ. ಇದುವರೆಗೆ ಓಡಿಯೇ ಇಲ್ಲದವರು ಮೊದಲು ಅರ್ಧ ಗಂಟೆಯ ಬಿರುನಡಿಗೆಯನ್ನು ರೂಢಿಸಿಕೊಂಡು, ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂಬಂತೆ ಆರಂಭಿಸಲಿ. ವಿಶ್ರಾಂತಿಯ ದಿನವನ್ನು ಸೋಮಾರಿತನವೆಂದು ಯಾರೂ ಎಣಿಸಬಾರದು. ದೇಹ ಬಲಗೊಳ್ಳುವುದು ಓಡುವಾಗಲ್ಲ, ಓಡಿದ ಮೇಲಿನ ವಿಶ್ರಾಂತಿಯಲ್ಲಿ ಮತ್ತು ನಿದ್ರೆಯಲ್ಲಿ. ನಾಲ್ಕೂವರೆಗೆ ಏಳಬೇಕಾದವರು ರಾತ್ರಿ ಹನ್ನೊಂದರವರೆಗೆ ಮೊಬೈಲನ್ನು ನೋಡುತ್ತಿದ್ದರೆ ಆ ಅಭ್ಯಾಸ ಬಹುಕಾಲ ನಡೆಯದು.

ನಿಯಮಿತ ಜೀವನದ ಫಲವೇನೆಂಬುದಕ್ಕೆ ನಮ್ಮ ಕಣ್ಣೆದುರಿಗೇ ಒಂದು ನಿದರ್ಶನವಿತ್ತು. ನಮ್ಮ ಈ ಭಾಗದಿಂದ ಮಾಗಡಿ ರಸ್ತೆಯಲ್ಲಿ ಸಾಗಿದರೆ ಸಿಗುವ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿ, 2019ರ ಜನವರಿ 21ರಂದು ಲಿಂಗೈಕ್ಯರಾದ ಸಿದ್ಧಗಂಗೆಯ ಪರಮಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ನಸುಕಿಗೆ ಮುನ್ನವೇ ಎದ್ದು, ಸ್ನಾನ, ಇಷ್ಟಲಿಂಗ ಪೂಜೆಗಳನ್ನು ಪೂರೈಸಿ, ಮಿತಾಹಾರದಲ್ಲಿದ್ದು, ದಶಕಗಳ ಕಾಲ ಸಾವಿರಾರು ಮಕ್ಕಳ ಅನ್ನ, ಅಕ್ಷರಗಳ ಹೊಣೆಯನ್ನು ಹೊತ್ತರು. ಇಂದು ಅತಿ, ನಾಳೆ ಇಲ್ಲ ಎಂಬುದು ಅವರ ದಿನಚರಿಯಲ್ಲಿ ಇರಲಿಲ್ಲ. ದೀರ್ಘಬಲದ ಗುಟ್ಟು ಇದೇ.

ಓಡುವ ಜಾಗದ ವಿಚಾರ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಮುಂಜಾವು ಓಟಕ್ಕೆ ಹೇಳಿ ಮಾಡಿಸಿದಂತಿದೆ. ವಿಜಯನಗರ, ನಾಗರಭಾವಿ, ಕೆಂಗೇರಿ ಕಡೆಯವರಿಗೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣವು ಮರಗಳ ನೆರಳಿನ ದೊಡ್ಡ ವರ. ಏರು ಹತ್ತುವ ಅಭ್ಯಾಸಕ್ಕೆ ರಾಜಾಜಿನಗರದವರು ಮಹಾಲಕ್ಷ್ಮಿ ಬಡಾವಣೆಯ ದಿಣ್ಣೆಯ ಬೀದಿಗಳಿಗೆ ಹೋಗಬಹುದು. ಸೈಕಲ್ಲಿನಲ್ಲಿ ದೀರ್ಘ ಅಭ್ಯಾಸ ಮಾಡುವವರು ಕೆಂಗೇರಿಯಿಂದಾಚೆ ದೊಡ್ಡ ಆಲದ ಮರ, ಮಂಚನಬೆಲೆ ಕಡೆಗೆ ಸಾಗುತ್ತಾರೆ. 2021ರ ಆಗಸ್ಟಿನಲ್ಲಿ ಮೆಟ್ರೊ ಕೆಂಗೇರಿಯವರೆಗೆ ಬಂದ ಮೇಲೆ, ವಿಜಯನಗರದಿಂದ ಒಂದೇ ದಿಕ್ಕಿಗೆ ಓಡಿ ರೈಲಿನಲ್ಲಿ ಮರಳುವ ಅನುಕೂಲವೂ ಆಗಿದೆ. ಕಾರ್ಡ್ ರಸ್ತೆ, ಮೈಸೂರು ರಸ್ತೆಗಳಲ್ಲಿ ವಾಹನಗಳ ಹೊಗೆ ಏಳುವ ಮುನ್ನವೇ ಓಟ ಮುಗಿಸುವುದು ಶ್ವಾಸಕೋಶಕ್ಕೆ ಹಿತ. ಕಿತ್ತುಹೋದ ಪಾದಚಾರಿ ಮಾರ್ಗ, ಬೀದಿನಾಯಿ, ಮಬ್ಬುಗತ್ತಲು ಈ ಮೂರನ್ನು ನೆನಪಿನಲ್ಲಿಟ್ಟು, ಬಿಳಿಯ ಅಂಗಿ ತೊಟ್ಟು, ಎದುರು ಬರುವ ವಾಹನಗಳು ಕಾಣುವ ಬದಿಯಲ್ಲಿ ಓಡತಕ್ಕದ್ದು.

ಇನ್ನು ಲಿಂಗಧಾರಿಗಳಾದ ಓಟಗಾರರಿಗೆ ಬರುವ ಸಹಜವಾದ ಪ್ರಶ್ನೆ. ಓಡುವಾಗ ಕರಡಿಗೆ ಎದೆಗೆ ಬಡಿಯುತ್ತದೆ, ಶಿವದಾರ ಬೆವರಿನಲ್ಲಿ ನೆನೆಯುತ್ತದೆ, ಏನು ಮಾಡುವುದು? ಇಷ್ಟಲಿಂಗವನ್ನು ಮನೆಯಲ್ಲಿ ತೆಗೆದಿಟ್ಟು ಹೋಗುವ ಆಲೋಚನೆಗೆ ಎಡೆ ಕೊಡಬಾರದು. ಲಿಂಗವು ಅಂಗದ ಮೇಲಿರಬೇಕೆಂಬುದೇ ನಮ್ಮ ಧರ್ಮದ ತಿರುಳಲ್ಲವೇ? ಲಿಂಗವನ್ನು ಶುಭ್ರ ವಸ್ತ್ರದಲ್ಲಿ ಸುತ್ತಿ ಎದೆಗೆ ಕಟ್ಟಿಕೊಳ್ಳುವ ಪದ್ಧತಿ ನಮ್ಮಲ್ಲಿ ಹಿಂದಿನಿಂದಲೂ ಇದೆ. ಹಾಗೆ ಭದ್ರವಾಗಿ ಕಟ್ಟಿಕೊಂಡರೆ ಅಲುಗಾಟವಿಲ್ಲ. ಆ ವಸ್ತ್ರವನ್ನು ನಿತ್ಯವೂ ಒಗೆದು ಬದಲಿಸಬೇಕು, ಶಿವದಾರ ಸವೆದಿದೆಯೇ ಎಂದು ಆಗಾಗ ನೋಡಬೇಕು. ಒಂದು ಗಂಟೆಯೊಳಗಿನ ನಿಧಾನದ ಓಟಕ್ಕೆ ಮೊದಲೇ ತಿನ್ನುವ ಅಗತ್ಯ ಸಾಮಾನ್ಯವಾಗಿ ಆರೋಗ್ಯವಂತರಿಗಿರುವುದಿಲ್ಲ. ಆದ್ದರಿಂದ ಓಡಿ ಬಂದು, ಸ್ನಾನ ಮಾಡಿ, ಪೂಜೆ ಮುಗಿಸಿ ಪ್ರಸಾದ ಸ್ವೀಕರಿಸಿದರೆ ನಿಯಮಕ್ಕೂ ಭಂಗವಿಲ್ಲ. ಭಾನುವಾರದ ದೀರ್ಘ ಓಟಕ್ಕೆ ಮುನ್ನ ಏನಾದರೂ ತಿನ್ನಲೇಬೇಕಾದವರು ಅರ್ಧ ಗಂಟೆ ಮೊದಲೇ ಎದ್ದು ಪೂಜೆ ಪೂರೈಸಿಕೊಂಡು ಹೊರಡಲಿ. ವಿವರಗಳಲ್ಲಿ ಆಯಾ ಮನೆತನದ ಗುರುಹಿರಿಯರ ಮಾತನ್ನು ಕೇಳುವುದು ಯೋಗ್ಯ.

ಆಹಾರಕ್ಕೆ ಡಬ್ಬಿಯ ಪುಡಿಗಳನ್ನು ಹುಡುಕುವ ಮೊದಲು ನಮ್ಮ ಅಡುಗೆಮನೆಯನ್ನು ನೋಡೋಣ. ರಾಗಿ ಮುದ್ದೆ, ಜೋಳದ ರೊಟ್ಟಿ, ಅನ್ನಗಳು ಓಟಕ್ಕೆ ಬೇಕಾದ ಪಿಷ್ಟವನ್ನು ಕೊಡುತ್ತವೆ. ಮೊಳಕೆ ಕಾಳು, ಬೇಳೆ, ಹಾಲು, ಮೊಸರು, ಶೇಂಗಾಗಳಿಂದ ಸ್ನಾಯುಗಳ ದುರಸ್ತಿಗೆ ಬೇಕಾದ ಪ್ರೋಟೀನ್ ದೊರೆಯುತ್ತದೆ. ಉಪ್ಪು ಬೆರೆಸಿದ ಮಜ್ಜಿಗೆ, ನಿಂಬೆ ಪಾನಕಗಳು ಬೆವರಿನಲ್ಲಿ ಹೋದುದನ್ನು ತುಂಬುತ್ತವೆ. ದೀರ್ಘ ಓಟದಲ್ಲಿ ಬರಿಯ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಕುಗ್ಗಿ ಅಪಾಯವಾಗಬಹುದು. ನೀರಿಗೂ ಅಳತೆಯುಂಟು. ಶಾಕಾಹಾರಿಗಳಲ್ಲಿ ಬಿ12 ಜೀವಸತ್ವದ ಕೊರತೆ, ಹೆಣ್ಣುಮಕ್ಕಳಲ್ಲಿ ಕಬ್ಬಿಣಾಂಶದ ಕೊರತೆ ಸಾಮಾನ್ಯವಾದುದರಿಂದ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯನ್ನು ಇಲ್ಲಿ ಹೇಳಬೇಕು. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಉಳ್ಳವರು, ತಂದೆ ತಾಯಿ ಸೋದರರಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾಗಿರುವವರು ವೈದ್ಯರ ತಪಾಸಣೆಯಿಲ್ಲದೆ ದೀರ್ಘ ಓಟಕ್ಕೆ ಇಳಿಯಲೇಬಾರದು. ಓಡುವಾಗ ಎದೆಯಲ್ಲಿ ಒತ್ತಡ, ಎಡಗೈಗೋ ದವಡೆಗೋ ಹರಿಯುವ ನೋವು, ತಲೆ ಸುತ್ತು, ಎಂದೂ ಇಲ್ಲದ ಉಬ್ಬಸ ಕಂಡರೆ ಅಲ್ಲಿಯೇ ನಿಲ್ಲಬೇಕು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅದನ್ನು ವಾಯುವೆಂದು ತಳ್ಳಿಹಾಕಿ ಓಟ ಮುಗಿಸುವ ಹಟ ಬೇಡ. ಜ್ವರವಿದ್ದಾಗ ಓಡುವುದು ಹೃದಯದ ಸ್ನಾಯುವಿಗೇ ಧಕ್ಕೆ ತರಬಲ್ಲದು. ಓಟಗಳು ವರ್ಷವರ್ಷವೂ ಬರುತ್ತವೆ, ಮನೆಯ ಯಜಮಾನ ಮತ್ತೊಬ್ಬ ಬರುವುದಿಲ್ಲ.

ಕೊನೆಯದಾಗಿ ಮನೆಯ ಮಾತು. ಗಂಡನು ಬೆಳಗಿನ ಎರಡು ಗಂಟೆಗಳನ್ನು ಓಟಕ್ಕೆ ಕೊಟ್ಟರೆ, ಆ ಎರಡು ಗಂಟೆಗಳ ಮನೆಗೆಲಸವನ್ನು ಯಾರೋ ಹೊರುತ್ತಾರೆ. ಮಕ್ಕಳನ್ನು ಎಬ್ಬಿಸುವುದು, ಬುತ್ತಿ ಕಟ್ಟುವುದು, ವಯಸ್ಸಾದ ಅತ್ತೆ ಮಾವಂದಿರಿಗೆ ಔಷಧ ಕೊಡುವುದು ಇವೆಲ್ಲ ಗೃಹಿಣಿಯ ಪಾಲಿಗೆ ಬೀಳುತ್ತವೆ. ಹಾಗಾದರೆ ಆ ಪದಕದಲ್ಲಿ ಅವಳ ಪಾಲೆಷ್ಟು? ಒಲಿಂಪಿಕ್ಸಿನಲ್ಲಿ ಪುರುಷರು 1896ರಿಂದಲೇ ಮ್ಯಾರಥಾನ್ ಓಡಿದರೂ, ಮಹಿಳೆಯರಿಗೆ ಆ ಅವಕಾಶ ದೊರೆತದ್ದು 1984ರ ಲಾಸ್ ಏಂಜಲಿಸ್ ಕ್ರೀಡೆಗಳಲ್ಲಿ. ಎಂಟುನೂರು ವರ್ಷಗಳ ಹಿಂದೆಯೇ ಅನುಭವ ಮಂಟಪದಲ್ಲಿ ಹೆಣ್ಣಿಗೆ ಸಮಾನ ಪೀಠ ಕೊಟ್ಟ ಪರಂಪರೆಯ ನಾವು ಮನೆಯೊಳಗೆ ಆ ತಡವನ್ನು ಮಾಡಬಾರದು. ಗಂಡ ಓಡುವ ದಿನ ಹೆಂಡತಿ ಮನೆ ನೋಡಿಕೊಂಡರೆ, ಮರುದಿನ ಅವನು ಒಲೆಯ ಮುಂದೆ ನಿಂತು ಅವಳನ್ನು ಉದ್ಯಾನಕ್ಕೋ ಜ್ಞಾನಭಾರತಿಗೋ ಕಳುಹಿಸಲಿ. ಶನಿವಾರದ ನಡಿಗೆಗೆ ಅಜ್ಜ, ಅಜ್ಜಿ, ಮಕ್ಕಳೂ ಸೇರಲಿ. ಒಬ್ಬನ ಆರೋಗ್ಯವು ಮನೆಯವರಿಗೆಲ್ಲ ಹಂಚಿಹೋದಾಗ ಕಾಯಕವು ದಾಸೋಹವಾಗುತ್ತದೆ. ಹಾಗಾಗದಿದ್ದರೆ ಆ ಓಟ ಒಬ್ಬನ ಚಪಲವಾಗಿಯೇ ಉಳಿಯುತ್ತದೆ.

ಓಡುವ ಬಂಧುಗಳು ನಾಳೆ ಬೂಟಿನ ದಾರ ಬಿಗಿಯುವಾಗ ಲಕ್ಕಮ್ಮನವರ ಅಳತೆಯನ್ನು ನೆನೆಯಲಿ. ಹಿರಿಯರು ಅವರನ್ನು ಹುಚ್ಚರೆಂದು ಜರೆಯದೆ, ಅತಿಯಾದಾಗ ತಡೆದು ಹೇಳುವ ಪ್ರೀತಿಯನ್ನು ತೋರಲಿ. ಇಂದಿಗೆ ಬೇಕಾದಷ್ಟನ್ನು ಇಂದು ಓಡಿ, ನಾಳೆಯೂ ಓಡುವಂತೆ ಮನೆಗೆ ನಗುತ್ತ ಮರಳುವವನೇ ದೂರ ಸಾಗುವವನು.