ದುಡಿಯುವ ಹಕ್ಕು ಮತ್ತು ಅದರ ಕಾಗದ

ಹಕ್ಕು ಬೇರೆ, ಹಕ್ಕಿನ ರುಜುವಾತು ಬೇರೆ. ಜಮೀನಿನ ವ್ಯಾಜ್ಯಗಳನ್ನು ಕಂಡು ಬೆಳೆದ ನಮ್ಮ ನಾಡಿನವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾತನ ಕಾಲದಿಂದ ಉತ್ತು ಬಿತ್ತಿದ ಹೊಲವೇ ಆಗಿರಲಿ, ಪಹಣಿಯಲ್ಲಿ ಹೆಸರಿಲ್ಲದಿದ್ದರೆ ತಾಲ್ಲೂಕು ಕಛೇರಿಯ ಮೆಟ್ಟಿಲು ಹತ್ತಿ ಇಳಿಯುವುದು ತಪ್ಪುವುದಿಲ್ಲ. ಹೊಲ ಇದ್ದಲ್ಲಿಯೇ ಇರುತ್ತದೆ. ಕಾಗದ ಮಾತ್ರ ಕಾಣೆಯಾಗಿರುತ್ತದೆ. ಈ ನ್ಯಾಯವನ್ನೇ ನೆಲದಿಂದ ಮನುಷ್ಯನ ದುಡಿಮೆಗೆ ಹಬ್ಬಿಸಿದರೆ ಏನಾದೀತೆಂಬುದನ್ನು ಬ್ರಿಟನ್ನಿನ ಇತ್ತೀಚಿನ ಚರಿತ್ರೆ ತೋರಿಸಿಕೊಟ್ಟಿದೆ. ನಮ್ಮ ಊರುಗಳಿಂದ ಅನೇಕ ತರುಣ ತರುಣಿಯರು ಓದಿಗೂ ಉದ್ಯೋಗಕ್ಕೂ ಆ ದೇಶಕ್ಕೆ ಹೋಗುತ್ತಿರುವುದರಿಂದ ಇದು ನಮಗೆ ತೀರ ಹೊರಗಿನ ವಿಷಯವೂ ಅಲ್ಲ.

ಬ್ರಿಟನ್ನಿನಲ್ಲಿ ಯಾರನ್ನಾದರೂ ಕೆಲಸಕ್ಕೆ ಸೇರಿಸಿಕೊಳ್ಳುವ ಮಾಲೀಕನು, ಆತನು ಕೆಲಸ ಆರಂಭಿಸುವ ಮುನ್ನವೇ, ಅಲ್ಲಿ ದುಡಿಯುವ ಹಕ್ಕು ಆತನಿಗೆ ಉಂಟೇ ಎಂಬುದನ್ನು ಪರಿಶೀಲಿಸಿ, ಪರಿಶೀಲಿಸಿದ ಗುರುತನ್ನು ಕಾದಿಡಬೇಕು. ಆ ದೇಶದ ಪ್ರಜೆಯಾದವನು ತನ್ನ ಪಾಸ್‌ಪೋರ್ಟನ್ನು ತೋರಿಸಬಹುದು; ಅದರ ಅವಧಿ ತೀರಿದ್ದರೂ ಸಲ್ಲುತ್ತದೆ. ಪಾಸ್‌ಪೋರ್ಟ್ ಇಲ್ಲದಿದ್ದರೆ ಅಲ್ಲಿಯ ಜನನಪತ್ರವನ್ನೂ, ರಾಷ್ಟ್ರೀಯ ವಿಮಾ ಸಂಖ್ಯೆಯುಳ್ಳ ಸರ್ಕಾರಿ ಕಾಗದವನ್ನೂ ಒಟ್ಟಿಗೆ ಮುಂದಿಡಬೇಕು. ಪರದೇಶದಿಂದ ಹೋದವರ ಪಾಡು ಬೇರೆ. ಅವರಲ್ಲಿ ಬಹುಮಂದಿಯ ಕೈಯಲ್ಲಿ ಈಗ ಕಾಗದವೂ ಇಲ್ಲ, ಕಾರ್ಡೂ ಇಲ್ಲ. ಹಿಂದೆ ಕೊಡುತ್ತಿದ್ದ ನಿವಾಸದ ಕಾರ್ಡುಗಳ ಕಾಲ 2024ರ ಕೊನೆಗೆ ಮುಗಿಯಿತು. ಅವುಗಳ ಸ್ಥಾನಕ್ಕೆ ಇ-ವೀಸಾ ಬಂದಿದೆ. ಕೆಲಸಗಾರನು ಸರ್ಕಾರದ ತಾಣದಿಂದ ಒಂಬತ್ತು ಅಕ್ಷರ-ಅಂಕೆಗಳ ಒಂದು ಸಂಕೇತವನ್ನು ಪಡೆದು ಮಾಲೀಕನಿಗೆ ಕೊಡುತ್ತಾನೆ. ಅದರ ಆಯುಷ್ಯ 90 ದಿನ. ಮಾಲೀಕನು ಆ ಸಂಕೇತವನ್ನೂ ಕೆಲಸಗಾರನ ಜನ್ಮದಿನವನ್ನೂ ನಮೂದಿಸಿದರೆ ಭಾವಚಿತ್ರದೊಡನೆ ಆತನ ಹಕ್ಕಿನ ವಿವರ ಪರದೆಯ ಮೇಲೆ ಮೂಡುತ್ತದೆ. ಪದವಿಗಾಗಿ ಓದಲು ಹೋದ ವಿದ್ಯಾರ್ಥಿಯು ಪಾಠದ ಅವಧಿಯಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ ಎಂಬ ಕಟ್ಟಳೆಯನ್ನೂ ಮಾಲೀಕನೇ ಗಮನಿಸಬೇಕು.

ಈ ಏರ್ಪಾಡು ಒಂದೇ ದಿನದಲ್ಲಿ ಹುಟ್ಟಿದುದಲ್ಲ. ಹಕ್ಕಿಲ್ಲದವನನ್ನು ಕೆಲಸಕ್ಕಿಟ್ಟುಕೊಳ್ಳುವುದು ಮಾಲೀಕನ ಅಪರಾಧವೆಂದು 1996ರ ಕಾಯಿದೆ ಸಾರಿತು. 2006ರ ಕಾಯಿದೆಯಿಂದ ನ್ಯಾಯಾಲಯದ ವಿಚಾರಣೆಯಿಲ್ಲದೆಯೇ ದಂಡ ವಿಧಿಸುವ ಪದ್ಧತಿ ಬಂದಿತು. ಆ ದಂಡದ ಮಿತಿ 2014ರಲ್ಲಿ ಒಬ್ಬ ಕೆಲಸಗಾರನಿಗೆ 20,000 ಪೌಂಡಿಗೆ ಏರಿತು. 2024ರ ಫೆಬ್ರವರಿಯಿಂದ ಮೊದಲ ತಪ್ಪಿಗೆ 45,000, ಮರುಕಳಿಸಿದರೆ 60,000 ಪೌಂಡಾಯಿತು. ನಿಯಮದಂತೆ ಪರಿಶೀಲಿಸಿದ ಮಾಲೀಕನಿಗೆ, ಮುಂದೆ ದೋಷ ಹೊರಬಿದ್ದರೂ, ದಂಡದಿಂದ ಮಾಫಿ ಉಂಟು. ಗಡಿಯಲ್ಲಿ ನಿಲ್ಲಬೇಕಾದ ಕಾವಲುಗಾರನನ್ನು ಕಾರ್ಖಾನೆಯ ಬಾಗಿಲಿಗೂ ಹೋಟೆಲಿನ ಅಡಿಗೆಮನೆಗೂ ತಂದು ನಿಲ್ಲಿಸಿದಂತಾಯಿತು. ಆ ಕಾವಲುಗಾರನಿಗೆ ಸಂಬಳವಿಲ್ಲ. ದಂಡದ ಭಯ ಮಾತ್ರ ಉಂಟು.

ಇಂಥ ತಪಾಸಣೆಯೇ ಅನ್ಯಾಯವೆಂದು ಹೇಳುವುದು ಸರಿಯಾಗಲಾರದು. 2004ರ ಫೆಬ್ರವರಿಯ ಒಂದು ರಾತ್ರಿ ಇಂಗ್ಲೆಂಡಿನ ಮೋರ್ಕಂಬ್ ಕೊಲ್ಲಿಯ ಮರಳಿನಲ್ಲಿ ಚಿಪ್ಪುಮೀನು ಆಯುತ್ತಿದ್ದ 20ಕ್ಕೂ ಹೆಚ್ಚು ಚೀನೀ ಕೂಲಿಗಳು ಏರಿಬಂದ ಭರತದಲ್ಲಿ ಮುಳುಗಿ ಸತ್ತರು. ಕಾಗದವಿಲ್ಲದವರನ್ನು ಕತ್ತಲೆಯಲ್ಲಿ ಕಡಲಿಗಿಳಿಸುವ ಧೈರ್ಯ ಮೇಸ್ತ್ರಿಗೆ ಬಂದುದು, ಅವರು ಯಾರ ಬಳಿಯೂ ದೂರು ಹೇಳಲಾರರೆಂಬ ನಂಬಿಕೆಯಿಂದಲೇ. ಕೂಲಿ ಮೇಸ್ತ್ರಿಗಳಿಗೆ ಪರವಾನಗಿಯನ್ನು ಕಡ್ಡಾಯಗೊಳಿಸುವ ಕಾಯಿದೆ ಆ ವರ್ಷವೇ ಬಂದಿತು. ಮಾಲೀಕನನ್ನು ಪ್ರಶ್ನಿಸುವವರೇ ಇಲ್ಲದಿದ್ದರೆ ಅಸಹಾಯಕರ ಬೆವರು ಅಗ್ಗದ ಸರಕಾಗುತ್ತದೆ ಎಂಬುದು ಸುಳ್ಳಲ್ಲ. ಆದರೆ ಕೂಲಿ ಹಿಡಿಯುವವನನ್ನು ವಿಚಾರಿಸುವುದು ಒಂದು, ಕೂಲಿಯವನನ್ನೇ ಹಿಡಿದು ವಿಚಾರಿಸುವುದು ಮತ್ತೊಂದು. 2016ರ ಕಾಯಿದೆ ಅನುಮತಿಯಿಲ್ಲದೆ ದುಡಿಯುವುದನ್ನೇ ಅಪರಾಧವಾಗಿಸಿ, ಆ ದುಡಿಮೆಯ ಕೂಲಿಯನ್ನು ಮುಟ್ಟುಗೋಲು ಹಾಕಿಕೊಳ್ಳಲು ದಾರಿ ತೆರೆದಾಗ, ದೂರು ಹೇಳಬೇಕಾದವನ ಬಾಯಿ ಇನ್ನಷ್ಟು ಕಟ್ಟಿತು.

ಈ ಏರ್ಪಾಡಿನ ದೊಡ್ಡ ಪರೀಕ್ಷೆ ನಡೆದುದು ಹಕ್ಕಿಲ್ಲದವರ ಮೇಲಲ್ಲ, ಹಕ್ಕಿದ್ದವರ ಮೇಲೆ. 1948ರ ಜೂನ್ ತಿಂಗಳಲ್ಲಿ 'ಎಂಪೈರ್ ವಿಂಡ್ರಷ್' ಎಂಬ ಹಡಗು ಕೆರಿಬಿಯನ್ ದ್ವೀಪಗಳ ನೂರಾರು ಜನರನ್ನು ಹೊತ್ತು ಲಂಡನ್ನಿನ ಸಮೀಪದ ಟಿಲ್ಬರಿ ಬಂದರನ್ನು ಮುಟ್ಟಿತು. ಅವರೂ, ಅವರ ಹಿಂದೆ ಎರಡು ದಶಕಗಳ ಕಾಲ ಬಂದವರೂ, ಯುದ್ಧದಿಂದ ಬಳಲಿದ್ದ ದೇಶದ ಆಸ್ಪತ್ರೆಗಳಲ್ಲಿ, ಬಸ್ಸುಗಳಲ್ಲಿ, ರೈಲ್ವೆಯಲ್ಲಿ ದುಡಿದರು. ಅನೇಕ ಮಕ್ಕಳು ತಂದೆತಾಯಿಗಳ ಪಾಸ್‌ಪೋರ್ಟಿನ ಮೇಲೆಯೇ ಬಂದಿದ್ದರು. 1971ರ ವಲಸೆ ಕಾಯಿದೆಯು 1973ರ ಜನವರಿ 1ರಂದು ಜಾರಿಗೆ ಬಂದಾಗ, ಅಂದು ಅಲ್ಲಿ ನೆಲೆಸಿದ್ದವರಿಗೆ ಕಾಲಮಿತಿಯಿಲ್ಲದೆ ಉಳಿಯುವ ಹಕ್ಕು ಕಾಯಿದೆಯ ಬಲದಿಂದಲೇ ದೊರೆಯಿತು. ಅರ್ಜಿ ಬೇಕಾಗಲಿಲ್ಲ, ಆದುದರಿಂದ ಪತ್ರವನ್ನೂ ಕೊಡಲಿಲ್ಲ, ಹಕ್ಕು ಪಡೆದವರ ಪಟ್ಟಿಯನ್ನೂ ಸರ್ಕಾರ ಬರೆದಿಡಲಿಲ್ಲ. ಯಾರೂ ಕೇಳದಿದ್ದ ಕಾಲದಲ್ಲಿ ಅದು ಕೊರತೆಯಾಗಿ ಕಾಣಲೂ ಇಲ್ಲ.

ಕೇಳುವ ಕಾಲ ಬಂದಿತು. ಅಕ್ರಮವಾಗಿ ಬಂದವರಿಗೆ ದೇಶದ ವಾತಾವರಣವೇ ಪ್ರತಿಕೂಲವಾಗಬೇಕೆಂದು ಗೃಹ ಸಚಿವೆ ತೆರೇಸಾ ಮೇ 2012ರಲ್ಲಿ ತಮ್ಮ ಧೋರಣೆಯನ್ನು ಪ್ರಕಟಿಸಿದರು. 2014 ಮತ್ತು 2016ರ ಕಾಯಿದೆಗಳು ಬಾಡಿಗೆ ಮನೆ, ಬ್ಯಾಂಕಿನ ಖಾತೆ, ವಾಹನದ ಲೈಸೆನ್ಸು ಎಲ್ಲಕ್ಕೂ ತಪಾಸಣೆಯನ್ನು ಹಬ್ಬಿಸಿದುವು. ಮೂವತ್ತು ನಲವತ್ತು ವರ್ಷ ದುಡಿದು ತೆರಿಗೆ ಕೊಟ್ಟವರನ್ನು ಮಾಲೀಕರು ಕರೆದು ಕಾಗದ ಕೇಳಿದರು. ಇಲ್ಲವೆಂದವರು ಕೆಲಸ ಕಳೆದುಕೊಂಡರು. ಗೃಹ ಇಲಾಖೆಗೆ ಹೋದರೆ, ಅಲ್ಲಿದ್ದ ಒಂದೊಂದು ವರ್ಷಕ್ಕೂ ದಾಖಲೆ ತಂದು ತೋರಿಸೆಂಬ ಉತ್ತರ ಬಂದಿತು. ಐವತ್ತು ವರ್ಷಗಳ ಹಿಂದಿನ ಶಾಲೆಯ ರಿಜಿಸ್ಟರನ್ನು, ಮುಚ್ಚಿಹೋದ ಕಾರ್ಖಾನೆಯ ಸಂಬಳದ ಚೀಟಿಯನ್ನು ಯಾರು ತಾನೆ ಜೋಪಾನವಾಗಿಟ್ಟಾರು? ಇನ್ನೂ ವಿಪರ್ಯಾಸವೆಂದರೆ, ಹಡಗಿನಿಂದ ಇಳಿದವರ ಹಳೆಯ ಆಗಮನ ಚೀಟಿಗಳನ್ನು ಆ ಇಲಾಖೆಯೇ 2010ರಲ್ಲಿ ನಾಶಮಾಡಿತ್ತು. ಪ್ರಜೆ ಕಾಗದ ಕಳೆದರೆ ಹಕ್ಕು ಹೋಯಿತು. ಸರ್ಕಾರ ಕಾಗದ ಕಳೆದರೂ ಹೋದುದು ಪ್ರಜೆಯ ಹಕ್ಕೇ.

ತಪ್ಪಾಗಿ ಬಂಧಿತರಾದವರಿದ್ದರು, ಕನಿಷ್ಠ 83 ಮಂದಿಯನ್ನು ದೇಶದಿಂದಲೇ ಹೊರಗಟ್ಟಲಾಗಿತ್ತು. 2018ರ ಏಪ್ರಿಲಿನಲ್ಲಿ ಸುದ್ದಿ ಸ್ಫೋಟಿಸಿ, ಗಡೀಪಾರಿನ ಗುರಿಗಳ ವಿಷಯದಲ್ಲಿ ಪಾರ್ಲಿಮೆಂಟಿಗೆ ತಪ್ಪು ಹೇಳಿಕೆ ಕೊಟ್ಟುದಕ್ಕಾಗಿ ಗೃಹ ಸಚಿವೆ ಆಂಬರ್ ರಡ್ ರಾಜೀನಾಮೆಯಿತ್ತರು. 2019ರಲ್ಲಿ ಪರಿಹಾರದ ಯೋಜನೆ ಆರಂಭವಾಯಿತು. 2020ರ ಮಾರ್ಚಿನಲ್ಲಿ ಹೊರಬಂದ ವೆಂಡಿ ವಿಲಿಯಮ್ಸ್ ಅವರ ವರದಿಯು, ಈ ಅನಾಹುತ ಮೊದಲೇ ಕಾಣಬಹುದಾದುದೂ ತಪ್ಪಿಸಬಹುದಾದುದೂ ಆಗಿತ್ತೆಂದು ತೀರ್ಮಾನಿಸಿತು.

ಇದರ ಮೂಲ ಕೆಲವರ ದುಷ್ಟತನದಲ್ಲಿ ಮಾತ್ರವೇ ಇದೆಯೆಂದು ನಮಗೆ ತೋರುವುದಿಲ್ಲ. ಅದು ಏರ್ಪಾಡಿನ ತೂಕದಲ್ಲಿಯೇ ಇದೆ. ಹಕ್ಕಿಲ್ಲದವನನ್ನು ಇಟ್ಟುಕೊಂಡರೆ ಮಾಲೀಕನಿಗೆ ಭಾರಿ ದಂಡ. ಹಕ್ಕಿದ್ದವನನ್ನು ತಿರುಗಿಸಿ ಕಳಿಸಿದರೆ ಅಷ್ಟೇ ಬೇಗ ಬೀಳುವ ದಂಡ ಯಾವುದೂ ಇಲ್ಲ. ಬಣ್ಣ, ಹೆಸರು, ಉಚ್ಚಾರಣೆಗಳನ್ನು ನೋಡಿ ಭೇದವೆಣಿಸಬಾರದು, ಎಲ್ಲರನ್ನೂ ಒಂದೇ ಬಗೆಯಲ್ಲಿ ಪರಿಶೀಲಿಸಬೇಕು ಎಂದು 2010ರ ಸಮಾನತಾ ಕಾಯಿದೆಯ ಆಧಾರದ ಮೇಲೆ ಸರ್ಕಾರದ ಸೂಚನೆ ಉಂಟು. ಆದರೆ ಅದರ ರಕ್ಷಣೆ ಪಡೆಯಲು ಕೆಲಸವಿಲ್ಲದವನೇ ನ್ಯಾಯಮಂಡಳಿಗೆ ಅಲೆಯಬೇಕು. ತಕ್ಕಡಿಯ ಒಂದು ತಟ್ಟೆಯಲ್ಲಿ ಮಾತ್ರ ಕಲ್ಲಿಟ್ಟರೆ ಮುಳ್ಳು ಎತ್ತ ವಾಲುವುದೆಂದು ಕೇಳಬೇಕೆ?

ಕಾಗದ ಹೋಗಿ ಸಂಕೇತ ಬಂದುದರಿಂದ ಈ ತೊಡಕು ತೀರಿತೆನ್ನಲಾಗದು. ಚೀಟಿ ಹರಿದುಹೋಗುವ ಭಯ ಇಲ್ಲವಾಯಿತು, ನಿಜ. ಆದರೆ ತನ್ನ ಹಕ್ಕಿನ ಗುರುತು ಈಗ ಕೆಲಸಗಾರನ ಪೆಟ್ಟಿಗೆಯಲ್ಲಿಲ್ಲ, ಸರ್ಕಾರದ ಯಂತ್ರದಲ್ಲಿದೆ. ಅಲ್ಲಿ ಹೆಸರೋ ತಾರೀಖೋ ತಪ್ಪಾಗಿದ್ದರೆ ಪರದೆ ಮಾತನಾಡುವುದಿಲ್ಲ. ಅರ್ಜಿ ಇತ್ಯರ್ಥವಾಗದೆ ಇರುವವರ ವಿಷಯದಲ್ಲಿ ಮಾಲೀಕನೇ ಗೃಹ ಇಲಾಖೆಯನ್ನು ನೇರವಾಗಿ ವಿಚಾರಿಸುವ ವ್ಯವಸ್ಥೆಯೊಂದಿದೆ; ಅಲ್ಲಿಂದ ಬರುವ ಒಪ್ಪಿಗೆಯ ಉತ್ತರ ಮಾಲೀಕನಿಗೆ ಆರು ತಿಂಗಳು ರಕ್ಷೆ. ಇದು ಸರಿಯಾದ ದಿಕ್ಕಿನ ಹೆಜ್ಜೆ. ದಾಖಲೆ ಯಾರ ವಶದಲ್ಲಿದೆಯೋ ಅವರೇ ಉತ್ತರಿಸಬೇಕೆಂಬ ತತ್ತ್ವವನ್ನು ಅದು ಒಪ್ಪಿಕೊಂಡಿದೆ. ಆ ತತ್ತ್ವವನ್ನು ಅಲ್ಲಿಗೇ ನಿಲ್ಲಿಸದೆ, ಸರ್ಕಾರದಿಂದ ಉತ್ತರ ಬರುವವರೆಗೆ ಯಾರ ಸಂಬಳವೂ ನಿಲ್ಲಕೂಡದೆಂಬವರೆಗೆ ಬೆಳೆಸಬೇಕು.

ಪರದೇಶಕ್ಕೆ ಹೊರಟ ನಮ್ಮ ವಿದ್ಯಾರ್ಥಿಗಳು ಈ ಕಥೆಯಿಂದ ಕಲಿಯಬೇಕಾದುದು ಎರಡು. ಸರ್ಕಾರ ಬರೆದ ಪ್ರತಿಯೊಂದು ಪತ್ರದ ಪ್ರತಿಯನ್ನೂ, ಹಕ್ಕಿನ ವಿವರ ತೋರುವ ಪುಟದ ನಕಲನ್ನೂ ತಮ್ಮ ಬಳಿ ಇಟ್ಟುಕೊಳ್ಳಲಿ, ಅದು ವಿವೇಕ. ಮರಳಿ ಬಂದು ನಾಳೆ ತಾವೇ ಅಧಿಕಾರದ ಮೇಜಿನ ಹಿಂದೆ ಕುಳಿತಾಗ, ಎದುರಿಗೆ ನಿಂತವನ ಕೈಯಲ್ಲಿ ಕಾಗದವಿಲ್ಲವೆಂದು ಕಂಡರೆ, ಅದನ್ನು ಆತನಿಗೆ ಕೊಡಬೇಕಾಗಿದ್ದವರು ಯಾರೆಂದು ಮೊದಲು ಕೇಳಿಕೊಳ್ಳಲಿ.